ಕಾಡುನಿಂಬೆಯ ಮೇಲಿನ ಕಿತ್ತಳೆ

ಮಾರ್ಚ್ ೯, ಭಾನುವಾರ ಸಂಜೆ

ಪ್ರೀತಿಯ ಅಕ್ಕನಿಗೆ,

ನಮಸ್ಕಾರ. ನಿನ್ನ ಮೂರು ಕಾಗದಗಳೂ ತಲುಪಿವೆ. ಉತ್ತರ ಬರೆಯದೆ ಒಂದೂವರೆ ತಿಂಗಳು ಕೂತದ್ದು ತಪ್ಪೇ, ಕೋಪ ಮಾಡಿಕೊಳ್ಳಬೇಡ. ಭಾವನ ಮಂಡಿನೋವು ಹೇಗಿದೆ? ಇಲ್ಲಿ ಎಲ್ಲ ನೆಟ್ಟಗಿದೆ, ನನ್ನ ತಲೆಯೊಂದನ್ನು ಬಿಟ್ಟು. ಅದನ್ನು ಕೆಡಿಸಲು ನಮ್ಮ ತೋಪಿನ ಸ್ವಯಂಸೇವಕರಿದ್ದಾರಲ್ಲ.

ನೀರಿನ ಟ್ಯಾಂಕಿನ ಹಿಂದಿನ ತೋಪನ್ನು ಬಡಾವಣೆಯವರೇ ನೋಡಿಕೊಳ್ಳುತ್ತೇವೆಂದು ಬರೆದಿದ್ದೆ. ಒಂದು ಬದಿ ಕಾಡುಮರ, ಇನ್ನೊಂದು ಬದಿ ಹಣ್ಣಿನ ಗಿಡ. ಭಾನುವಾರ ಬೆಳಿಗ್ಗೆ ಏಳಕ್ಕೆ ಹದಿನಾಲ್ಕು ಜನ ಸೇರುತ್ತೇವೆ. ಕೆಲಸ ಮಾಡುವವರು ಐದು, ಸಲಹೆ ಕೊಡುವವರು ಒಂಬತ್ತು. ಬ್ಯಾಂಕಿನಿಂದ ನಿವೃತ್ತರಾದವರೊಬ್ಬರಿಗೆ ಕಳೆ ಕೀಳಿ ಅಂದರೆ, ನಾನು ಹಿಂದಿನ ವಾರ ನೆಟ್ಟ ಸೀಬೆ ಸಸಿಗಳನ್ನು ಕಿತ್ತು, ಬೇರಿನ ಮಣ್ಣು ಕೊಡವಿ, ಸಾಲಾಗಿ ಜೋಡಿಸಿಟ್ಟರು. ಔಷಧಿ ಅಂಗಡಿಯವಳು ನೀರು ಹಾಕುವ ಫೋಟೊ ತೆಗೆಸಿಕೊಂಡ ಕೂಡಲೇ ಕೊಡ ಕೆಳಗಿಡುತ್ತಾಳೆ.

ಇವರೆಲ್ಲರಿಗೂ ಮೇಲೆ ಶಿಳ್ಳೆ ಮೇಷ್ಟ್ರು. ಶಾಲೆಯಲ್ಲಿ ಮಕ್ಕಳಿಗೆ ಡ್ರಿಲ್ ಮಾಡಿಸುತ್ತಿದ್ದವರು, ಈಗ ನಮಗೆ ಮಾಡಿಸುತ್ತಾರೆ. ಒಂದು ಶಿಳ್ಳೆಗೆ ಪಾತಿ, ಎರಡಕ್ಕೆ ನೀರು, ಮೂರಕ್ಕೆ ಕತ್ತರಿ. "ಮೇಷ್ಟ್ರೇ, ಗಿಡಕ್ಕೇನು ಶಿಳ್ಳೆ ಕೇಳ್ಸುತ್ತಾ?" ಅಂದರೆ, "ಗಿಡಕ್ಕಲ್ಲಮ್ಮ, ನಿಮ್ಗೆ" ಅನ್ನುತ್ತಾರೆ. ಮೈಯೆಲ್ಲ ಉರಿಯುತ್ತದೆ.

ಈಗ ನೀನು ಮೂರು ಕಾಗದದಲ್ಲೂ ಕೇಳಿದ ವಿಷಯ. ಅಮ್ಮ ನೆಟ್ಟ ಕಿತ್ತಳೆ ಮರ ನಿಮ್ಮ ಹಿತ್ತಲಲ್ಲಿ ಒಣಗಿಹೋಗುವ ಮೊದಲು ಒದ್ದೆ ಬಟ್ಟೆಯಲ್ಲಿ ಸುತ್ತಿ ನಾಲ್ಕು ಕಡ್ಡಿ ಕಳಿಸಿದ್ದೆಯಲ್ಲ, ಅದರಲ್ಲಿ ಒಂದೇ ಒಂದು ಕಸಿ ಹಿಡಿದಿತ್ತು. ತೋಪಿನ ಕಾಡುನಿಂಬೆ ಗಿಡಕ್ಕೆ ನಾನೇ ಕಟ್ಟಿದ್ದು. ಎರಡು ವರ್ಷ ಸಾಕಿದೆ. ಕಸಿಯ ಗಂಟಿನ ಕೆಳಗಿಂದಲೂ ಚಿಗುರು ಬರುತ್ತದೆ, ಅದು ಬರೀ ಕಾಡುನಿಂಬೆ. ಮುಳ್ಳು ಬಿಟ್ಟುಕೊಂಡು ಸೊಂಪಾಗಿ ಏಳುತ್ತದೆ. ಮೇಲಿನ ಒಳ್ಳೆಯ ಕುಡಿ ಬಡಕಲಾಗಿ ನಿಂತಿರುತ್ತದೆ. ಕತ್ತರಿಸಬೇಕಾದ್ದು ಕೆಳಗಿನದನ್ನು. ಇದನ್ನು ಎಲ್ಲರಿಗೂ ಬಾಯಿ ಒಣಗುವವರೆಗೆ ಹೇಳಿಕೊಟ್ಟವಳು ನಾನು.

ಜನವರಿಯ ಕೊನೆಯ ಭಾನುವಾರ ಮೂರು ಶಿಳ್ಳೆ ಬಿತ್ತು. ಮುಳ್ಳಿನದು ಉಳಿಯಿತು, ಅಮ್ಮನ ಕುಡಿ ನೆಲದ ಮೇಲೆ ಬಿದ್ದಿತ್ತು. "ನಂದೇ ತಪ್ಪಮ್ಮ, ಕಣ್ತಪ್ಪಿ ಕತ್ತರಿಸ್ಬಿಟ್ಟೆ" ಎಂದು ಮೇಷ್ಟ್ರು ಎಲ್ಲರೆದುರು ಒಪ್ಪಿಕೊಂಡರು. ಒಪ್ಪಿಕೊಂಡರೆ ಬಂದ ಭಾಗ್ಯವೇನು? ಬಿದ್ದ ಕುಡಿಯನ್ನೇ ಬೇರೆ ಗಿಡಕ್ಕೆ ಕಟ್ಟಿ ನೋಡಿದೆ, ಹತ್ತೇ ದಿನಕ್ಕೆ ಕಪ್ಪಾಯಿತು. ಅಲ್ಲಿ ಮರವಿಲ್ಲ, ಇಲ್ಲಿ ಗಿಡವಿಲ್ಲ. ನನಗೆ ಅಳು ಬರುತ್ತದೆ ಅಕ್ಕ. ಅಂದಿನಿಂದ ಮೇಷ್ಟ್ರ ಜೊತೆ ಮಾತು ಬಿಟ್ಟಿದ್ದೇನೆ. ಆ ಮನುಷ್ಯ ಮಾತ್ರ ಏನೂ ಆಗದವರ ಹಾಗೆ ಪ್ರತಿ ವಾರ "ಬಂದ್ರಾ?" ಅನ್ನುತ್ತಾರೆ.

ಭಾವನಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ನಿನ್ನ ಆಶೀರ್ವಾದ ನನ್ನ ಮೇಲಿರಲಿ.

ಇತಿ ನಿನ್ನ
ತಂಗಿ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಡಿಸಿದೆ. ಕತ್ತರಿ ಮೇಷ್ಟ್ರ ಕೈಯಲ್ಲಿರಲಿಲ್ಲ, ನನ್ನ ಕೈಯಲ್ಲಿತ್ತು. ದೂರದ ಪಾತಿಯಲ್ಲಿದ್ದ ಬ್ಯಾಂಕಿನವರ ಮೇಲೆ ಕೂಗಾಡುತ್ತಾ ಕತ್ತರಿಸುತ್ತಿದ್ದೆ. "ಅಮ್ಮಾ, ಒಂದ್ಸಲ ಗಂಟು ನೋಡ್ಕೊಳ್ಳಿ" ಎಂದರು ಮೇಷ್ಟ್ರು. "ನಂಗೇ ಪಾಠ ಹೇಳ್ತೀರಾ?" ಎಂದು ಅವರ ಮುಖವನ್ನೇ ದುರುಗುಟ್ಟಿ ನೋಡುತ್ತಾ ಕತ್ತರಿ ಒತ್ತಿದೆ. ಎಲ್ಲರೂ ಓಡಿ ಬಂದಾಗ, ನಾನು ಬಾಯಿ ಬಿಡುವ ಮೊದಲೇ ಅವರು ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡರು. ನಾನು ಸುಮ್ಮನಿದ್ದೆ. ಆರು ಭಾನುವಾರವಾಯಿತು, ಇನ್ನೂ ಸುಮ್ಮನಿದ್ದೇನೆ. ಅಮ್ಮನದನ್ನು ಕತ್ತರಿಸಿದವಳು ನಾನು ಅಕ್ಕ. ನಿನಗೆ ಹೇಳಿಯಾಯಿತು, ಅವರೆದುರು ನಿಂತು ಹೇಳುವುದು ಹೇಗೆಂದು ತಿಳಿಯುತ್ತಿಲ್ಲ.