ಪಾಳಿ ಬಯಲಿಗೆ ಕೊಂಬು ಬಂದ ಬಗೆ

ನಗರದ ಉದ್ಯಾನಗಳ ಉಸ್ತುವಾರಿ ಹೊತ್ತ ಮಾನ್ಯ ಅಧಿಕಾರಿಗಳೇ,

ತಾವು ಮಾಡಿಸಿದ ಹೊಸ ಉದ್ಯಾನವನ ಚೆನ್ನಾಗಿದೆ. ನನ್ನ ದೂರು ಇಷ್ಟೇ: ಅದು ಯಾರಿಗೆ ಬೇಕಾಗಿತ್ತೋ ಅವರು ಬರುವ ಹೊತ್ತಿಗೆ ಅದರ ಗೇಟಿಗೆ ಬೀಗ ಬಿದ್ದಿರುತ್ತದೆ. ಬೆಳಿಗ್ಗೆ ನಡೆಯುವವರಿಗಾಗಿ ತೆರೆಯುತ್ತೀರಿ, ಬಿಸಿಲೇರಿದ ಕೂಡಲೇ ಮುಚ್ಚುತ್ತೀರಿ, ಸಂಜೆ ತಂಪಾದ ಮೇಲೆ ಮತ್ತೆ ತೆರೆಯುತ್ತೀರಿ. ನೆರಳು ಬೇಕೆನಿಸುವ ಹೊತ್ತಿನಲ್ಲೆಲ್ಲ ನೆರಳಿಗೆ ರಜೆ! ಪಾಪ, ಮರಗಳಿಗೆ ಮಧ್ಯಾಹ್ನದ ನಿದ್ದೆ ಕೆಡಬಾರದೆಂಬ ಕಾಳಜಿಯೇ? ಸಾಲದ್ದಕ್ಕೆ, ‘ಬೆಂಚುಗಳ ಮೇಲೆ ಮಲಗಬಾರದು’ ಎಂಬ ಫಲಕ ಬೇರೆ. ಇಷ್ಟೆಲ್ಲ ಕೇಳಲು ನನಗೆ ಅಷ್ಟೇನೂ ಮುಖವಿಲ್ಲ ಎಂಬುದನ್ನೂ ಈಗಲೇ ಹೇಳಿಬಿಡುತ್ತೇನೆ. ಆ ಬೀಗವನ್ನು ತಮ್ಮ ಕೈಗೆ ಕೊಟ್ಟವನು ನಾನೇ.

ನಾನು ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವವನು. ಬೇರೆಯವರ ತಪ್ಪಿನಿಂದ ನನ್ನ ಹೊಟ್ಟೆ ತುಂಬುತ್ತದೆ. ರಸ್ತೆಯಲ್ಲಿ ಹೋಗುವಾಗ ಅಂಗಡಿಯ ಬೋರ್ಡಿನಲ್ಲಿ ಒಂದು ಒತ್ತಕ್ಷರ ತಪ್ಪಿದ್ದರೂ ಕೈ ತುರಿಸುತ್ತದೆ. ನಮ್ಮ ಮುದ್ರಣಾಲಯದ ಹಿಂದೆ, ದೊಡ್ಡಾಸ್ಪತ್ರೆಗೂ ಬಸ್ ಡಿಪೋಗೂ ನಡುವೆ, ಎಂದೋ ಮುಚ್ಚಿಹೋದ ನೂಲಿನ ಗಿರಣಿಯ ಅಂಗಳವಿತ್ತು. ಮುಳ್ಳುಗಿಡ, ಗಾಜಿನ ಚೂರು, ತುಕ್ಕು ಹಿಡಿದ ಬಾಯ್ಲರ್, ಅರ್ಧ ಕುಸಿದ ಒಂದು ಸೂರು. ಸುತ್ತಲಿನವರು ಅದನ್ನು ‘ಪಾಳಿ ಬಯಲು’ ಎನ್ನುತ್ತಿದ್ದರು. ಪಾಳು ಬಿದ್ದ ಬಯಲನ್ನು ನಾಲಗೆ ಹೊರಳದವರು ಹಾಗೆ ಕರೆಯುತ್ತಾರೆ ಎಂದು ನಾನು ವರ್ಷಗಟ್ಟಲೆ ಮನಸ್ಸಿನಲ್ಲೇ ನಕ್ಕಿದ್ದೇನೆ.

ಅದನ್ನು ಉದ್ಯಾನವನ ಮಾಡಿ ಎಂದು ತಮಗೆ ಅರ್ಜಿ ಕೊಡುವ ಆಲೋಚನೆ ನಮ್ಮ ಅತ್ತಿಗೆಯದು. ಅವರು ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿದ್ದಾರೆ. ಬೆಳಗಿನ ಜಾವ ಒಂದು ಪಾಳಿ, ಸಂಜೆ ಇನ್ನೊಂದು. ನಡುವೆ ಸಿಗುವ ಬಿಡುವಿನಲ್ಲಿ ಎರಡು ಬಸ್ ಬದಲಿಸಿ ಮನೆಗೆ ಬಂದರೆ ಚಪ್ಪಲಿ ಬಿಟ್ಟು ಮತ್ತೆ ಮೆಟ್ಟಿಕೊಳ್ಳುವಷ್ಟೇ ಸಮಯ. ಹಾಗಾಗಿ ಆ ಸೂರಿನ ಕೆಳಗೆ ಒಂದು ಹಳೆಯ ಬೆಡ್‌ಶೀಟು ಹಾಸಿ ಮಲಗುತ್ತಿದ್ದರು. ಅವರೊಬ್ಬರೇ ಅಲ್ಲ. ರಾತ್ರಿ ಕಾವಲು ಮುಗಿಸಿದವರು, ವಾರ್ಡಿನ ಆಯಾಗಳು, ಡಿಪೋದ ಕಂಡಕ್ಟರುಗಳು, ಎಲ್ಲರೂ ಗಾಜು ಗುಡಿಸಿ ತಂತಮ್ಮ ಮೂಲೆ ಮಾಡಿಕೊಂಡಿದ್ದರು. ಅತ್ತಿಗೆ ಅವರೆಲ್ಲರ ಪರವಾಗಿ ಅರ್ಜಿ ಬರೆದು, ‘ನಮ್ಮನೆ ಪಂಡಿತ ಒಂದ್ಸಲ ನೋಡ್ಲಿ’ ಎಂದು ನನ್ನ ಕೈಗಿಟ್ಟರು.

ಪಂಡಿತ ನೋಡಿದ. ‘ನಮ್ಮ ಪಾಳಿ ಬಯಲಿನಲ್ಲಿ ನೆರಳು, ಒಂದು ನಲ್ಲಿ, ಮಧ್ಯಾಹ್ನ ಬೆನ್ನು ನೆಲಕ್ಕೆ ಹಾಕಲು ಜಾಗ ಮಾಡಿಕೊಡಿ’ ಎಂದಿತ್ತು. ಕಾಗುಣಿತ ಕಲಿತವರಿಗೆಲ್ಲ ಗೊತ್ತು: ಳ ಗುಡಿಸು ಳಿ, ಳ ಕೊಂಬು ಳು. ನಾನು ಪಾಳಿಯ ಗುಡಿಸು ಹೊಡೆದು ಕೊಂಬು ಹಚ್ಚಿದೆ. ‘ಬೆನ್ನು ನೆಲಕ್ಕೆ ಹಾಕಲು’ ಎಂಬುದು ಸರ್ಕಾರಿ ಅರ್ಜಿಗೆ ತೀರಾ ಒರಟಾಯಿತು ಎನಿಸಿತು. ಅಲ್ಲಿ ‘ವಿಹರಿಸಲು’ ಎಂದು ಬರೆದೆ. ವಿಹರಿಸುವವರು ಮಧ್ಯಾಹ್ನ ಏಕೆ ಬರುತ್ತಾರೆಂದು ‘ಮಧ್ಯಾಹ್ನ’ವನ್ನೂ ತೆಗೆದೆ. ಚೊಕ್ಕ ಪ್ರತಿ ಮಾಡಿ ಕೊಟ್ಟಾಗ ಅತ್ತಿಗೆ ಎಷ್ಟು ಚೆಂದ ಕಾಣ್ತಿದೆ ಎಂದು ಹಿಗ್ಗಿ, ಓದದೆ ಸಹಿ ಹಾಕಿದರು. ಮೈದುನನ ಮೇಲೆ ಅಷ್ಟು ನಂಬಿಕೆ.

ತಾವೂ ನನ್ನನ್ನು ನಂಬಿದಿರಿ. ಅಪರೂಪಕ್ಕೆ ಒಂದು ಕಚೇರಿ ಅರ್ಜಿಯನ್ನು ಅಕ್ಷರಶಃ ಓದಿತು, ಅದೂ ನಾನು ಕೆಡಿಸಿದ ಅರ್ಜಿಯನ್ನು! ಪಾಳು ಎಂದ ಮೇಲೆ ಅಲ್ಲಿಗೆ ಯಾರು ಬರುತ್ತಾರೆ, ಯಾರನ್ನು ಕೇಳಬೇಕು? ಸೂರು ಕೆಡವಿದಿರಿ, ಬೇಲಿ ಹಾಕಿದಿರಿ, ವಿಹಾರಕ್ಕೆ ಒಪ್ಪುವ ಸಮಯ ಗೊತ್ತುಮಾಡಿದಿರಿ, ಗೇಟಿನ ಬಳಿ ‘ಅಂದು ಪಾಳು ಬಯಲು, ಇಂದು ಹಸಿರು ತಾಣ’ ಎಂದು ಕಲ್ಲಿನಲ್ಲಿ ಕೆತ್ತಿಸಿದಿರಿ. ಆ ಕಲ್ಲಿನಲ್ಲಿ ಒಂದೂ ಅಕ್ಷರದೋಷವಿಲ್ಲ ಎಂದು ಮೊದಲ ದಿನ ಹೆಮ್ಮೆಪಟ್ಟವನು ನಾನು.

ಅಂದು ಸಂಜೆ ಪಾಳಿ ಮುಗಿಸಿ ಬಂದ ಅತ್ತಿಗೆ ಬಡಿಸುತ್ತಾ, ಗೇಟಿನ ಕಲ್ಲಿನಲ್ಲಿ ನಮ್ಮ ಬಯಲಿನ ಹೆಸರು ತಪ್ಪಿದೆಯಲ್ಲ ಎಂದರು. ನಾನು ಮೇಷ್ಟರ ಧಾಟಿಯಲ್ಲಿ ಅದೇ ಸರಿ ಎಂದೆ. ಅವರು ಸೌಟನ್ನು ಪಾತ್ರೆಯಲ್ಲಿಟ್ಟು ಕುಳಿತರು.

“ಪಾಳಿ ಅಂದ್ರೆ ಪಾಳಿನೇ ಕಣೋ. ನಮ್ಮಮ್ಮ ಗಿರಣಿಗೆ ಹೋಗ್ತಿದ್ದಾಗ ಪಾಳಿ ಬದಲಾಗೋವರೆಗೂ ಅಲ್ಲೇ ಕಾಯ್ತಿದ್ಳು. ಅದಕ್ಕೇ ಆ ಹೆಸರು. ತಿದ್ದೋ ಮುಂಚೆ ನನ್ನನ್ನ ಒಂದು ಮಾತು ಕೇಳಬಾರದಿತ್ತಾ?”

ಬೈದಿದ್ದರೆ ಚೆನ್ನಾಗಿತ್ತು. ಅವರು ಎದ್ದು ಇನ್ನೊಂದು ಸೌಟು ಸಾರು ಬಡಿಸಿದರು. ಇವತ್ತಿಗೂ ಅವರ ಎದುರು ಕುಳಿತು ಊಟ ಮಾಡುವುದು ಕಷ್ಟವಾಗಿದೆ.

ಈಗ ಅವರು ಮಧ್ಯಾಹ್ನ ಎಲ್ಲಿ ಮಲಗುತ್ತಾರೆ ಗೊತ್ತೇ? ಬಸ್ಸಿನಲ್ಲಿ. ಡಿಪೋದಲ್ಲಿ ಹತ್ತಿ, ಕಿಟಕಿಗೆ ತಲೆ ಆನಿಸಿ, ಕೊನೆಯ ನಿಲ್ದಾಣದವರೆಗೆ ಹೋಗಿ ಅದೇ ಬಸ್ಸಿನಲ್ಲಿ ವಾಪಸ್. ಪ್ರತಿ ರಸ್ತೆಯುಬ್ಬಿಗೂ ಎಚ್ಚರವಾಗುವ ಅದನ್ನು ನಿದ್ದೆ ಎನ್ನಬಹುದಾದರೆ ನಿದ್ದೆ. ಹೋದ ತಿಂಗಳು ಸಂಜೆಯ ಪಾಳಿಯಲ್ಲಿ, ಚಾದರಗಳನ್ನು ಇಸ್ತ್ರಿ ಮಾಡುವ ಯಂತ್ರದ ಮುಂದೆ ಅವರಿಗೆ ತೂಕಡಿಕೆ ಬಂತು. ಬಲಗೈ ಮಣಿಕಟ್ಟು ಸುಟ್ಟಿತು. ಆ ಆಸ್ಪತ್ರೆಯಲ್ಲೇ ಪಟ್ಟಿ ಕಟ್ಟಿಸಿಕೊಂಡು, ಮರುದಿನ ಒಂದೇ ಕೈಯಲ್ಲಿ ಚಾದರ ಮಡಚಲು ಹೋದರು. ಯಂತ್ರದ್ದು ತಪ್ಪು, ನಿನ್ನದೇನಿಲ್ಲ ಎಂದು ನನಗೇ ಸಮಾಧಾನ ಹೇಳಿದರು. ನನಗೆ ಆ ಬಿಳಿ ಪಟ್ಟಿಯ ಮೇಲೆ ನನ್ನ ಕೆಂಪು ಪೆನ್ನಿನ ಗುರುತು ಕಾಣುತ್ತದೆ.

ತಪ್ಪು ತಿದ್ದೋಣವೆಂದು ತಮ್ಮ ಕಚೇರಿಗೆ ಬಂದೆ. ತಾವು ಸಭೆಯಲ್ಲಿದ್ದಿರಿ. ಗುಮಾಸ್ತರು ನನ್ನ ಮಾತನ್ನೆಲ್ಲ ತಾಳ್ಮೆಯಿಂದ ಕೇಳಿ, ಅರ್ಜಿಯ ಪ್ರತಿಯನ್ನು ನನ್ನತ್ತ ತಿರುಗಿಸಿದರು. “ನೀವೇ ಪಾಳು ಅಂತ ಬರೆದಿದ್ದೀರಿ ಸ್ವಾಮಿ. ಪಾಳು ಜಾಗದಲ್ಲಿ ಜನ ಇದ್ರು ಅಂತ ಈಗ ಹೇಳಿದ್ರೆ ಹೇಗೆ?” ಸಮಯ ಬದಲಿಸಬೇಕಾದರೆ ಮೂಲ ಆದೇಶವೇ ಬದಲಾಗಬೇಕಂತೆ. ಒಂದು ಕೊಂಬಿನ ವಿಷಯ ಎಂದೆ. ಕೊಂಬಾದರೂ ಸರಿ, ಬಾಲವಾದರೂ ಸರಿ, ಮೇಲಿನವರ ಒಪ್ಪಿಗೆ ಬೇಕು ಎಂದರು. ನಕ್ಕು ಹೊರಗೆ ಬಂದೆ, ಮೆಟ್ಟಿಲಿಳಿಯುವಾಗ ನಾಚಿಕೆಯಾಯಿತು.

ಮಾನ್ಯರೇ, ನನ್ನ ತಪ್ಪು ನನ್ನ ತಲೆಯ ಮೇಲಿರಲಿ. ಆದರೆ ತಮ್ಮ ಕಡೆಯಿಂದ ಯಾರಾದರೂ ಒಂದು ಮಧ್ಯಾಹ್ನ ಆ ಬಯಲಿಗೆ ಬಂದಿದ್ದರೆ ನನ್ನ ಕೊಂಬು ಅಲ್ಲೇ ಮುರಿದು ಬೀಳುತ್ತಿರಲಿಲ್ಲವೇ? ಅಳತೆಗೆ ಬಂದವರು ಸೂರಿನ ಕೆಳಗೆ ಮಲಗಿದ್ದವರನ್ನು ಎಬ್ಬಿಸಿ, ಅವರ ಬೆಡ್‌ಶೀಟು ಸರಿಸಿ ಟೇಪು ಹಿಡಿದರಂತೆ. ಎಬ್ಬಿಸಿದವರಿಗೂ ಅಲ್ಲಿ ಜನ ಕಾಣಲಿಲ್ಲವೇ? ನಾನು ಹೊಡೆದುಹಾಕಿದ ಗುಡಿಸು ತಮ್ಮ ಸಿಬ್ಬಂದಿಯ ಕೈಗೆ ಸಿಕ್ಕಿತು. ಅವರು ಜನರನ್ನೇ ಗುಡಿಸಿ ಹೊರಗೆ ಹಾಕಿದರು. ನಾನು ಹಚ್ಚಿದ ಕೊಂಬು ತಮ್ಮ ಕಚೇರಿಗೆ ಬಂದಿದೆ. ನಾವಿಬ್ಬರೂ ಒಂದೇ ಕಸುಬಿನವರು ಎಂದು ಒಮ್ಮೊಮ್ಮೆ ಅನಿಸುತ್ತದೆ. ಇಬ್ಬರೂ ಕಾಗದ ನೋಡುತ್ತೇವೆ, ಎದುರಿಗಿರುವವರನ್ನು ಕೇಳುವುದಿಲ್ಲ.

ಅಲ್ಲಿ ಉದ್ಯಾನವನವೇ ಬೇಡವಿತ್ತು ಎಂದು ಹೇಳಿದರೆ ಸುಳ್ಳಾಗುತ್ತದೆ. ಗಾಜಿನ ಚೂರು ಹೋಗಿದೆ, ನಲ್ಲಿಯಲ್ಲಿ ನೀರು ಬರುತ್ತದೆ, ಹೊಂಗೆ ಸಸಿಗಳು ನೆರಳು ಕೊಡುವಷ್ಟು ಬೆಳೆದಿವೆ. ನಾನೇ ದಿನಾ ಬೆಳಿಗ್ಗೆ ಕೆಲಸಕ್ಕೆ ಮುಂಚೆ ಎರಡು ಸುತ್ತು ಹಾಕುತ್ತಿದ್ದೆ, ಮಂಡಿನೋವು ಇಳಿದಿತ್ತು. ಸುಖವಾಗಿದೆ ಎನಿಸಿದಾಗಲೆಲ್ಲ ಕಳ್ಳನ ಹಾಗೆ ಅತ್ತಿತ್ತ ನೋಡುತ್ತಿದ್ದೆ. ಅತ್ತಿಗೆಯ ಕೈ ಸುಟ್ಟ ಮೇಲೆ ಹೋಗುವುದನ್ನೇ ಬಿಟ್ಟೆ. ಅದನ್ನು ಮನೆಯಲ್ಲಿ ದೊಡ್ಡ ತ್ಯಾಗದಂತೆ ಹೇಳಿದಾಗ ಅತ್ತಿಗೆ, “ನೀನು ನಡೆಯೋದು ಬಿಟ್ರೆ ನನಗೆ ನಿದ್ದೆ ಬರುತ್ತೇನೋ?” ಎಂದರು. ಅದಕ್ಕೇ ಈ ಪತ್ರ.

ಕೊನೆಗೊಂದು ಮಾತು. ಇದನ್ನು ತಮಗೂ ಪತ್ರಿಕೆಗೂ ಕಳಿಸುವ ಮೊದಲು ಕೆಂಪು ಪೆನ್ನನ್ನು ಅತ್ತಿಗೆಯ ಎಡಗೈಗೆ ಕೊಟ್ಟು, ಈ ಸಲ ನೀವು ತಿದ್ದಿ ಎಂದೆ. ಅವರು ಮೊದಲಿನಿಂದ ಕೊನೆಯವರೆಗೆ ಓದಿದರು. ಅವರ ಬಗ್ಗೆ ನಾನು ‘ಪಾಪ’ ಎಂದು ಬರೆದಿದ್ದಲ್ಲೆಲ್ಲ ಅದನ್ನು ಹೊಡೆದುಹಾಕಿದರು. ಮರಗಳಿಗೆ ಹೇಳಿದ್ದನ್ನು ಮಾತ್ರ ಉಳಿಸಿದರು. ಕಲ್ಲಿನ ಮೇಲಿನ ಹೆಸರು ಬದಲಿಸಿ ಎಂದು ಒಂದಿಡೀ ಪುಟ ಬರೆದಿದ್ದೆ, ಅದನ್ನೂ ಹೊಡೆದರು. ಕಲ್ಲು ಹೇಗಾದರೂ ಇರಲಿ ಎಂದರು. ‘ಮಧ್ಯಾಹ್ನದ ವೇಳೆ ಸಾರ್ವಜನಿಕರ ವಿಶ್ರಾಂತಿಗೆ ಅನುವು ಮಾಡಿಕೊಡುವ ಕುರಿತು ಸಹಾನುಭೂತಿಯಿಂದ ಪರಿಶೀಲಿಸಬೇಕಾಗಿ ವಿನಂತಿ’ ಎಂದು ನಾನು ಬರೆದಿದ್ದ ಬೇಡಿಕೆಯ ಮೇಲೆ ಅಡ್ಡಗೆರೆ ಎಳೆದು, ಸೊಟ್ಟ ಅಕ್ಷರಗಳಲ್ಲಿ ಎರಡು ವಾಕ್ಯ ಬರೆದಿದ್ದಾರೆ. ಅದರಲ್ಲಿ ನಾನು ಒಂದು ಚುಕ್ಕೆಯನ್ನೂ ಮುಟ್ಟಿಲ್ಲ:

‘ಮಧ್ಯಾಹ್ನ ಬೀಗ ತೆಗೀರಿ. ನಾವು ಮಲಗಬೇಕು.’

ಇಂತಿ,
ಕೇಳದೆ ಕೊಂಬು ಹಚ್ಚಿದ,
ಒಬ್ಬ ಕರಡು ತಿದ್ದುವವನು
(ತಿದ್ದಿದವರು: ಅವನ ಅತ್ತಿಗೆ)