ತುಳಸಿಕಟ್ಟೆಯ ಇಟ್ಟಿಗೆ

ಮಾಲೂರು
೧೯ ಫೆಬ್ರವರಿ ೨೦೨೬

ಮುದ್ದು ಅಪ್ಪಾ,

ನಮ್ಮತ್ತೆ ಆಂಜಿನಮ್ಮ ನಿನ್ನ ಶಿಷ್ಯೆಯಂತೆ, ಅದೂ ನಿನಗೇ ಗೊತ್ತಿಲ್ಲದ ಶಿಷ್ಯೆ! ನೋಡು, ಖುಷಿಯಲ್ಲಿ ನಿನ್ನ ಆರೋಗ್ಯ ಕೇಳುವುದನ್ನೇ ಮರೆತೆ. ಹೊಟ್ಟೆ ತುಂಬ ಉಣ್ಣುತ್ತಿದ್ದೀಯಾ? ವಾಣಿಶ್ರೀ ಚಿಕ್ಕಮ್ಮಾ, ಇದನ್ನು ಅಪ್ಪನಿಗೆ ನಿಧಾನವಾಗಿ ಓದಿ ಹೇಳಿ. ಫೋನಿನಲ್ಲಿ ಇಟ್ಟಿಗೆ ಗೂಡಿನ ಮಾತು ತೆಗೆದರೆ, ಅಪ್ಪಾ, ನೀನು ಫೋನನ್ನೇ ಚಿಕ್ಕಮ್ಮನ ಕೈಗೆ ಕೊಟ್ಟುಬಿಡುತ್ತೀಯ.

ಗೂಡಿನ ಕೂಲಿಯವರ ಮಕ್ಕಳಿಗೆ ನೀನು ನಡೆಸುತ್ತಿದ್ದ ಟೆಂಟ್ ಶಾಲೆಯಲ್ಲಿ ಸ್ಲೇಟು ಸಾಲದೆ ಹಸಿ ಇಟ್ಟಿಗೆಯ ಮೇಲೆ ಮೊಳೆಯಲ್ಲಿ ಅಕ್ಷರ ಬರೆಸುತ್ತಿದ್ದೆಯಲ್ಲ, ಅವು ಸುಟ್ಟು ಬಂದಾಗ ಗಾರೆಯವರು ಮುಟ್ಟಲಿಲ್ಲವಂತೆ. "ಅಕ್ಷರ ಅಂದ್ರೆ ಸರಸ್ವತಿ, ಪಾಯಕ್ಕೆ ಹಾಕಿ ತುಳಿಯೋಕಾಗ್ತದಾ?" ಅಂದರಂತೆ. ಗೂಡಿನ ಯಜಮಾನ ಸಿಟ್ಟಾಗಿ ಟೆಂಟು ಕೀಳಿಸಿದ್ದು ಅದಕ್ಕೇ. ಮಕ್ಕಳು ಬೇರೆ ಬೇರೆ ಗೂಡುಗಳಿಗೆ ಚದುರಿದರು. "ಕಲಿಸಿದ್ದೆಲ್ಲ ಬೆಂಕಿಗೆ ಹೋಯ್ತು ಕಣೇ ದಿವ್ಯಾ" ಎಂದು ನೀನು ಗೋಡೆಗೆ ತಿರುಗಿ ಮಲಗಿದೆ. ಆಮೇಲೆ ಕಣ್ಣೂ ಹೋಯಿತು. ಅಂದಿನಿಂದ ಯಾರಿಗೂ ಒಂದಕ್ಷರ ಹೇಳಿಕೊಟ್ಟಿಲ್ಲ ನೀನು.

ಅತ್ತೆ ಆಗ ಅದೇ ಗೂಡಿಗೆ ನೀರು ಹೊರುತ್ತಿದ್ದರಂತೆ. ಬೇಡವೆಂದು ಎಸೆದ ಇಟ್ಟಿಗೆಗಳನ್ನು ಮನೆಗೆ ತಂದು, ಅಕ್ಷರ ಹೊರಗೆ ಕಾಣುವ ಹಾಗೆ ತುಳಸಿಕಟ್ಟೆ ಕಟ್ಟಿಸಿದ್ದಾರೆ. ಹಗಲು ಮಕ್ಕಳು ಬರೆಯುತ್ತಾ ಕೂಗಿದ್ದನ್ನು ಕೇಳಿಸಿಕೊಂಡು, ಸಂಜೆ ಗೂಡಿನ ಬಳಿ ಒಣಗಲಿಟ್ಟ ಇಟ್ಟಿಗೆಗಳ ಮೇಲೆ ಬೆರಳಾಡಿಸಿ ಕಲಿತರಂತೆ. 'ಮ' ಬರೆಸಿದ ವಾರವೇ ಟೆಂಟು ಹೋಯಿತು. ಇವತ್ತಿಗೂ ಬಸ್ಸಿನ ಮೇಲೆ ಮಾಲೂರು ಎಂದಿದ್ದರೆ ಮೊದಲಕ್ಷರ ಗುರುತಿಸಿ, ಮುಂದಿನದು ಓದಲು ಬಾರದೆ ನಿಂತುಬಿಡುತ್ತಾರೆ. ಆ 'ಮ' ಇಟ್ಟಿಗೆಯ ಅಂಚಿನಲ್ಲಿ ಒಂದು ಪುಟ್ಟ ಹೆಬ್ಬೆರಳಿನ ಗುರುತಿದೆ. ಯಾವ ಮಗುವಿನದೋ, ಈಗ ಎಲ್ಲಿ ಮಣ್ಣು ತುಳಿಯುತ್ತಿದೆಯೋ. ಅದರ ಮೇಲೆ ನನ್ನ ಬೆರಳಿಟ್ಟು ಅತ್ತುಬಿಟ್ಟೆ, ಅಪ್ಪಾ.

ಮದುವೆ ಮಂಟಪದಲ್ಲೇ ಅತ್ತೆ ನಿನ್ನ ಗುರುತು ಹಿಡಿದಿದ್ದರಂತೆ, ಬೀಗರ ಮುಂದೆ ಹೇಳಲು ನಾಚಿಕೆ. ಉಳಿದದ್ದನ್ನು ನಾನು ಕಲಿಸುತ್ತೇನೆಂದೆ. "ನಿನ್ನ ಇಂಗ್ಲಿಷ್ ನಾಲಿಗೆಗೆ ಳ ಹೊರಳೋದೇ ಇಲ್ಲ, ನೀನೇನಮ್ಮಾ ಕಲಿಸ್ತೀಯ? ಶುರು ಮಾಡಿದ ಮೇಷ್ಟ್ರೇ ಮುಗಿಸ್ಲಿ" ಅಂದರು.

ಚಿಕ್ಕಪ್ಪನಿಗೆ ನನ್ನ ನಮಸ್ಕಾರ. ನಿನ್ನ ಎರಡೂ ಅಂಗೈಗೆ ನನ್ನ ಮುತ್ತು.

ನಿನ್ನ
ದಿವ್ಯ

ಅಯ್ಯೋ, ಮುಖ್ಯವಾದದ್ದೇ ಬಿಟ್ಟೆ: ಅತ್ತೆ ಇವತ್ತು ತುಳಸಿಗೆ ಕೈಮುಗಿದು 'ಮ' ಇಟ್ಟಿಗೆಯನ್ನು ಬಿಡಿಸಿ, ಹಳೇ ಸೀರೆಯಲ್ಲಿ ಸುತ್ತಿಟ್ಟಿದ್ದಾರೆ. ಅದನ್ನು ಓದಲು ನಿನಗೆ ಬೆರಳು ಸಾಕು. ಆಮೇಲೆ 'ಯ' ಹೇಳಿಕೊಡಬೇಕು. ಗೋಡೆಗೆ ತಿರುಗಿ ಮಲಗಿರಬೇಡ ಅಪ್ಪಾ. ಮಾರ್ಚ್ ಒಂದು, ಭಾನುವಾರ, ಬಂಗಾರಪೇಟೆಯಿಂದ ಕೋಲಾರದ ಮೇಲೆ ಶ್ರೀನಿವಾಸಪುರಕ್ಕೆ ಬರುವ ಬೆಳಗಿನ ರೈಲಿಗೆ ಅತ್ತೆ, ನಾನು ಇಬ್ಬರೂ ಬರುತ್ತಿದ್ದೇವೆ.