ಅಡುಳಸಾ ಅಂತ ಕೊಟ್ಟ ಎಣ್ಣೆ

೨೩ ಆಗಸ್ಟ್ ೨೦೨೫, ಶನಿವಾರ

ಒಂಬತ್ತಕ್ಕೆ ಅಂಗಡಿ ತೆರೆದೆ. ಮಿರಜೆಯಲ್ಲಿ ಮೆಡಿಕಲ್ ಶಾಪ್ ಇಟ್ಟವನಿಗೆ ಮಳೆಗಾಲವೇ ಸುಗ್ಗಿ. ಮಧ್ಯಾಹ್ನದೊಳಗೆ ಕೆಮ್ಮಿನ ಸಿರಪ್ ಖಾಲಿ. ಒಬ್ಬಾಕೆ ಗಂಡನಿಗೆ ರಕ್ತ ತೆಳುವಾಗಿಸುವ ಗುಳಿಗೆ ಒಯ್ಯಲು ಬಂದಿದ್ದಳು. ಜೊತೆಗೆ ಮಂಡಿನೋವಿಗೆ ಯಾವುದೋ ಬೇರು ಅರೆದು ಕುಡಿಸುತ್ತಾಳಂತೆ. ಬೈದೆ.

"ಡಾಕ್ಟರಿಗೆ ಹೇಳಲಾರದ ಒಂದ್ ಹನಿನೂ ಕೊಡಬ್ಯಾಡ್ರಿ, ಬಾಯಿ."

ಇಪ್ಪತ್ತೆರಡು ವರ್ಷದಿಂದ ಇದೇ ಪುರಾಣ.

ಸಾಂಗ್ಲಿಯ ಮನೆಗೆ ಬಂದರೆ ಅವ್ವನ ಕೆಮ್ಮು ಗೇಟಿನವರೆಗೆ ಕೇಳುತ್ತದೆ. ಐದನೇ ದಿನ. ವೈರಲ್. ಎಕ್ಸ್‌ರೇಯಲ್ಲಿ ಎಡ ಶ್ವಾಸಕೋಶದ ತಳ ಬೆಳ್ಳಗಾಗಿದೆ. ಎಪ್ಪತ್ತೆಂಟು ವರ್ಷ, ಹೃದಯದಲ್ಲಿ ಕೂರಿಸಿದ ಕವಾಟ. ಅದೇ ರಕ್ತ ತೆಳುವಾಗಿಸುವ ಗುಳಿಗೆ ಅವಳಿಗೂ ದಿನಾ. ಭಯವಾಗುತ್ತಿದೆ.

೨೪, ರವಿವಾರ

ಪುಣೆಯಿಂದ ಋತುಜಾ ಫೋನ್. ಮಗಳು ಈಗ ಗಾಂಜಾ ಗಿಡದ ಮೇಲೆ ರಿಸರ್ಚ್ ಮಾಡುತ್ತಾಳೆ — ಯಾರಿಗೆ ಹೇಳೋಣ ಇದನ್ನ! ಅದರಲ್ಲಿ ಸಿಬಿಡಿ ಅನ್ನೋ ಒಂದು ಅಂಶ ಇದೆಯಂತೆ, ನಶೆ ಏರಿಸುವುದಿಲ್ಲ. ವೈರಸ್ ತಗುಲಿದಾಗ ನಮ್ಮ ದೇಹವೇ ರೊಚ್ಚಿಗೆದ್ದು ಶ್ವಾಸಕೋಶ ಹಾಳು ಮಾಡಿಕೊಳ್ಳುತ್ತದೆ, ಆ ಉರಿಯೂತವನ್ನು ಇಳಿಸುತ್ತದೆ ಅಂದಳು.

"ಆದ್ರ ಪಪ್ಪಾ, ಅವು ಪ್ಲೇಟಿನ್ಯಾಗ ಬೆಳಸಿದ ಜೀವಕೋಶ. ಮನುಷ್ಯಾರಲ್ಲ."

ಹೂಂ ಅಂದೆ. ಕಿವಿಗೆ ಇಳಿದದ್ದು ಮೊದಲಿನ ಮಾತಷ್ಟೇ.

೨೬, ಮಂಗಳವಾರ

ಎಣ್ಣೆ ತಂದೆ. ವಿಜಯಾ ತೈಲ. ಗಾಂಜಾ ಎಲೆಗೆ ಆಯುರ್ವೇದದವರ ಹೆಸರು, ಚೀಟಿ ಇದ್ದರೆ ಕೊಡುತ್ತಾರೆ. ನನ್ನ ಬೆನ್ನುನೋವು ಅಂತ ನನ್ನ ಹೆಸರಲ್ಲೇ ಬರೆಸಿಕೊಂಡೆ. ಲೇಬಲ್ ಕಿತ್ತೆ.

ಕೀಳಲೇಬೇಕಿತ್ತು. ನಶೆಯ ಯಾವ ವಸ್ತುವನ್ನೂ ಜನ್ಮವಿಡೀ ಮುಟ್ಟುವುದಿಲ್ಲ ಅಂತ ಮುನಿಗಳ ಎದುರು ತ್ಯಾಗ ತೆಗೆದುಕೊಂಡವಳು ಅವ್ವ. ಇದು ಆ ಗಿಡದ್ದು ಅಂದರೆ ಸತ್ತರೂ ಕುಡಿಯಳು.

"ಯಾವ ಎಲೀದೋ ಇದು?"

"ಅಡುಳಸಾದ್ದು, ಅವ್ವಾ. ಕೆಮ್ಮಿಗೆ."

ಆಡುಸೋಗೆಗೆ ನಮ್ಮ ಕಡೆಯ ಹೆಸರು ಅದು. ಐದು ಹನಿ. ಮತ್ತೇನೂ ಕೇಳಲಿಲ್ಲ.

೨೯, ಶುಕ್ರವಾರ

ಕೆಮ್ಮು ಅರ್ಧಕ್ಕರ್ಧ ಇಳಿದಿದೆ. ಎಣ್ಣೆಯಿಂದಲೋ, ತಾನಾಗಿಯೋ... ಎಣ್ಣೆಯಿಂದಲೇ. ಒಳಗೊಳಗೇ ಉಬ್ಬಿದ್ದೇನೆ. ಇವತ್ತಿನಿಂದ ಹತ್ತು ಹನಿ.

ನಿನ್ನೆಯಿಂದ ನಮ್ಮ ಜೈನರ ದಶಲಕ್ಷಣ ಪರ್ವ. ಹತ್ತು ದಿನ ಒಂದೇ ಊಟ, ಹಸಿರು ಪಲ್ಯ ಬಂದ್. ಈ ಸಲ ಬೇಡ ಅಂದರೆ ಅವ್ವ ಕೇಳುವವಳೇ?

೧ ಸೆಪ್ಟೆಂಬರ್, ಸೋಮವಾರ

ಹಲ್ಲುಜ್ಜುವಾಗ ಅವ್ವನ ಒಸಡಿನಲ್ಲಿ ರಕ್ತ. ಮೊಣಕೈ ಹತ್ತಿರ ನೀಲಿ ಕಲೆ. ರಕ್ತ ಎಷ್ಟು ತೆಳುವಾಗಿದೆ ಅಂತ ಟೆಸ್ಟ್ ಮಾಡಿಸಿದೆ. ಮೂರರ ಆಸುಪಾಸು ಇರಬೇಕಾದ್ದು ಐದೂವರೆ.

ಬೇರೆ ಏನಾದರೂ ಕೊಡುತ್ತೀರಾ ಅಂತ ಡಾಕ್ಟರು ಕೇಳಿದರು. ನಾನು ಬಾಯಿ ತೆರೆಯುವ ಮುಂಚೆ ಅವ್ವನೇ ಹೇಳಿದಳು.

"ಅಡುಳಸಾ ಎಣ್ಣಿ ಕೊಡ್ತಾನ್ರಿ, ದಿನಾ."

"ಅಡುಳಸಾದಿಂದ ಇಷ್ಟ ಏರಂಗಿಲ್ರಿ, ಆಜಿ. ಊಟಾ?"

ಹಸಿರು ಬಿಟ್ಟದ್ದು ಹೊರಬಿತ್ತು. ಅದೇ ಕಾರಣ ಅಂದರು. ಹಸಿರು ನಿಂತರೆ ಗುಳಿಗೆಯ ಜೋರು ಹೆಚ್ಚಾಗುತ್ತದೆ — ನಾನೇ ಗಿರಾಕಿಗಳಿಗೆ ಹೇಳುವ ಮಾತು. ಗುಳಿಗೆ ಎರಡು ದಿನ ನಿಲ್ಲಿಸಿ, ಮತ್ತೆ ಟೆಸ್ಟ್ ಮಾಡಿಸಿ ಅಂದರು.

ನನ್ನ ಎಣ್ಣೆಯ ಮೇಲೆ ಒಂದು ಅನುಮಾನ ಬಂತು. ಅವ್ವ ಪಕ್ಕದಲ್ಲೇ ಕೂತಿದ್ದಳು. ಸುಮ್ಮನಿದ್ದೆ.

ರಿಕ್ಷಾದಲ್ಲಿ ಅವಳನ್ನೇ ಬೈದೆ. "ನಿನ್ನ ಹಟಾ ಒಂದಿನ ನಿನ್ನ ಜೀವಾ ತಗೀತೈತಿ ನೋಡು." ತಲೆ ತಗ್ಗಿಸಿ ಕೇಳಿಸಿಕೊಂಡಳು. ಸಂಜೆ ಮತ್ತೆ ಹತ್ತು ಹನಿ ಕೊಟ್ಟೆ. ಕೆಮ್ಮು ತಿರುಗಿ ಬಂದರೆ ಅಂತ.

೩, ಬುಧವಾರ. ಆಸ್ಪತ್ರೆ, ಮಿರಜೆ

ಬೆಳಿಗ್ಗೆ ಓದುತ್ತಿದ್ದ ಅವ್ವನ ಬಲಗೈಯಿಂದ ಪುಸ್ತಕ ಜಾರಿತು. ಎತ್ತಿಕೊಳ್ಳಲು ಕೈ ಏಳಲಿಲ್ಲ. ಮಾತು ತೊದಲು. ತಲೆಯೊಳಗೆ ರಕ್ತಸ್ರಾವ.

ಋತುಜಾಗೆ ಫೋನಿನಲ್ಲಿ ಎಲ್ಲ ಹೇಳಿದೆ. ಎಷ್ಟು ಹನಿ, ಎಷ್ಟು ದಿನ ಅಂತ ಕೇಳಿದಳು.

"ಪಪ್ಪಾ, ಆ ಎಣ್ಣಿ ರಕ್ತದ ಗುಳಿಗಿ ಮೈಯಿಂದ ಇಳಿಯಾಕ ಬಿಡಂಗಿಲ್ಲ. ಒಳಗ ಕೂಡಸ್ಕೋತ ಹೋಗತೈತಿ. ನನಗ ಒಂದ್ ಫೋನ್ ಮಾಡಬೇಕಿತ್ತು. ಈಗ ಮೊದಲ ಹೋಗಿ ಡಾಕ್ಟರಿಗೆ ಹೇಳ್ರಿ."

ಕಾರಿಡಾರಿನಲ್ಲಿ ಹೇಳಿದೆ. ಇಲ್ಲಿಯ ಡಾಕ್ಟರು ಫೈಲಿನಲ್ಲಿ ಬರೆದುಕೊಂಡರು. ತಲೆ ಎತ್ತಲಿಲ್ಲ. ಪುರಾಣ ಹೇಳೋದಕ್ಕೆ, ಬದನೇಕಾಯಿ ತಿನ್ನೋದಕ್ಕೆ. ನನ್ನಂಥವನಿಗೇ ಈ ಗಾದೆ ಕಟ್ಟಿರಬೇಕು.

೬, ಶನಿವಾರ

ರಕ್ತ ನಿಂತಿದೆ. ಜೀವಕ್ಕೆ ಭಯವಿಲ್ಲ. ಬಲಗೈ ಬರುವುದು ಅನುಮಾನ.

ಋತುಜಾ ಬಂದಿದ್ದಾಳೆ. ನನ್ನ ಜೊತೆ ಊಟಕ್ಕೆ ಕೂರುವುದಿಲ್ಲ.

"ಆಜಿಗೆ ಹೇಳ್ರಿ."

"ಆಕಿ ವ್ರತಾ ಮುರದೈತಿ ಅಂತ ಗೊತ್ತಾದ್ರ ಅನ್ನಾ ಬಿಟ್ಟ ಕುಂಡ್ರತಾಳ. ಈ ಸ್ಥಿತಿಯೊಳಗ?"

"ವ್ರತಾ ಆಕಿದು, ಪಪ್ಪಾ. ಮುರದವರು ನೀವು. ಸೋಮವಾರದ ತನಕ ನೋಡ್ತೀನಿ. ಆಮ್ಯಾಲ ನಾನ ಹೇಳ್ತೀನಿ."

ಸೋಮವಾರ ಕ್ಷಮಾವಾಣಿ. ಪರ್ವ ಮುಗಿಸಿ ಎಲ್ಲರೂ ಎಲ್ಲರ ಕ್ಷಮೆ ಕೇಳುವ ದಿನ. ಬೇಕೆಂದೇ ಆರಿಸಿದ್ದಾಳೆ ಹುಡುಗಿ.

೮, ಸೋಮವಾರ, ಬೆಳಿಗ್ಗೆ ಹತ್ತು

ಏಳು ಗಂಟೆಯಿಂದ ಫೋನ್ ಗುಂಯ್‌ಗುಡುತ್ತಿದೆ. ಯಾರೋ ಕಳಿಸಿದ ಕ್ಷಮೆಯ ಚಿತ್ರವನ್ನೇ ಎಲ್ಲ ಗಿರಾಕಿಗಳಿಗೂ ದಾಟಿಸಿದೆ. ಒಂದು ನಿಮಿಷದ ಕೆಲಸ. ಆಮೇಲೆ ವಾರ್ಡಿಗೆ ಹೋದೆ.

ಅವ್ವ ದಿಂಬಿಗೆ ಒರಗಿ ಕಾಯುತ್ತಿದ್ದಳು. ಎಡಗೈಯಿಂದ ಬಲಗೈ ಎತ್ತಿ ಎದೆಯ ಹತ್ತಿರ ತಂದುಕೊಂಡಳು. ಅದು ಜಾರಿತು. ಮತ್ತೆ ಎತ್ತಿದಳು. ಜೋಡಿಸಿದಳು. ನನಗೆ. ಹೆತ್ತ ಮಗನಿಗೆ.

"ಹಸಿರ ಬಿಟ್ಟ ಕುಂತೆ... ನೀ ಬೈದದ್ದ ಖರೇ, ಧನಪಾಲಾ. ನನ್ನ ಹಟಕ್ಕ ನಿನಗ ಇಷ್ಟ ತ್ರಾಸ ಆತು. ಕ್ಷಮಾ ಮಾಡಪ್ಪಾ."

ಕಿಟಕಿಯ ಹತ್ತಿರ ನಿಂತಿದ್ದ ಋತುಜಾ ತಿರುಗಿದಳು. ಸರದಿ ನನ್ನದು. ಕೈ ಮುಗಿದೆ.

"ಅವ್ವಾ, ಆ ಎಣ್ಣಿ..."

"ಹೂಂ. ಅದರಿಂದನ ಉಳದೆ ನೋಡು. ಇಲ್ಲಿಯವರು ಕೊಡವಲ್ಲರು." ದನಿ ಇಳಿಸಿದಳು. "ತಂದೀಯೇನು?"

"ಅದು ಅಡುಳಸಾ ಅಲ್ಲ, ಅವ್ವಾ," ಅಂದೆ.